ಚಂದಾದಾರರು ‘ಇಲ್ಲ’ ಅಂದ್ರೆ ಎಂತ?

ನಾನು ಬರೆದ ಅರ್ಧ ಪುಟವನ್ನು ನಮ್ಮ ಮ್ಯಾನೇಜರ್ ಕತ್ತರಿಸಿ ಒಂದು ಸಾಲು ಮಾಡಿದರು. ಆಗ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ, ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಆಫೀಸು ಮಂಗಳೂರಿನ ಕಂಕನಾಡಿಯಲ್ಲಿ. ಕೆಳಗೆ ಮೆಡಿಕಲ್ ಶಾಪು, ಅದರ ಮೇಲೆ ರಕ್ತ ಪರೀಕ್ಷೆಯ ಲ್ಯಾಬು, ಅದರ ಮೇಲೆ ನಾವು. ನಮ್ಮದು ಇಂಟರ್ನೆಟ್ ಫೋನಿನ ಕಂಪನಿ. ಮೊಬೈಲಿಗೆ ನಮ್ಮ ಆಪ್ ಹಾಕಿಕೊಂಡವರಿಗೆ ಊರಿನ ಒಂದು ನಂಬರ್ ಸಿಗುತ್ತದೆ. ಮನುಷ್ಯ ಎಲ್ಲೇ ಇರಲಿ, ನೆಟ್ ಇದ್ದರೆ ಸಾಕು, ಆ ನಂಬರಿಗೆ ಮಾಡಿದ ಕರೆ ಅವನ ಕೈಯಲ್ಲಿ ರಿಂಗ್ ಆಗುತ್ತದೆ. ಊರು ಬಿಟ್ಟು ದುಡಿಯುವವರ ಮನೆಗಳಲ್ಲಿ ನಮ್ಮ ನಂಬರ್ ಇರುವುದು ಇದಕ್ಕೇ.

ಮೊದಲು ಗ್ರಾಹಕರ ಕರೆಗಳನ್ನು ಮನುಷ್ಯರೇ ಎತ್ತುತ್ತಿದ್ದರು. ಆಮೇಲೆ ಕನ್ನಡ ಮಾತನಾಡುವ ಎಐ ಏಜೆಂಟ್ ಬಂತು. ಹೆಂಗಸಿನ ಧ್ವನಿ, ನುಣ್ಣಗಿನ ಉಚ್ಚಾರ. ಆದರೆ ಈ ಏಜೆಂಟಿಗೆ ನಮ್ಮ ಗ್ರಾಹಕರು ಯಾರೆಂದು ತನ್ನಷ್ಟಕ್ಕೆ ಗೊತ್ತಿರುವುದಿಲ್ಲ. ಅದಕ್ಕೆ ಒಂದು ಟೂಲ್ ಕೊಡಬೇಕು: ಹೆಸರನ್ನೋ ನಂಬರನ್ನೋ ಕಳುಹಿಸಿದರೆ ಚಂದಾದಾರರನ್ನು ಹುಡುಕಿ ಉತ್ತರ ಕೊಡುವ ಟೂಲ್. ಅದನ್ನು ಯಾವಾಗ ಬಳಸಬೇಕು, ಏನು ಕಳುಹಿಸಬೇಕು, ಬಂದ ಉತ್ತರಕ್ಕೆ ಅರ್ಥ ಏನು ಎಂಬುದನ್ನು ಮಾತಿನಲ್ಲಿ ಬರೆದು ಟೂಲಿಗೆ ಅಂಟಿಸಿಡಬೇಕು. ಏಜೆಂಟ್ ಪ್ರತಿ ಕರೆಯಲ್ಲೂ ಆ ವಿವರಣೆಯನ್ನು ಓದಿಕೊಂಡೇ ಮುಂದಿನ ಮಾತನಾಡುವುದು. ಆ ವಿವರಣೆ ಬರೆಯುವ ಕೆಲಸ ನನ್ನದು. ಮನುಷ್ಯರಿಗಾಗಿ ಬರೆದದ್ದನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯ ಇರುತ್ತದೆ. ಈ ಏಜೆಂಟ್ ಹಾಗಲ್ಲ, ಬರೆದದ್ದನ್ನು ಅಕ್ಷರ ಬಿಡದೆ ಓದಿ ಹಾಗೆಯೇ ಮಾಡುತ್ತದೆ.

ಹುಡುಕಿದವರು ಸಿಕ್ಕಿದಾಗ ಬರುವ ಉತ್ತರದ ಬಗ್ಗೆ ಬರೆಯುವುದು ಕಷ್ಟವಾಗಲಿಲ್ಲ. ನಾನು ನಿಂತದ್ದು ಖಾಲಿ ಉತ್ತರದ ಹತ್ತಿರ. ಟೂಲ್ ಕಟ್ಟಿದ ಇಂಜಿನಿಯರನ್ನು ಕರೆದು ಕೇಳಿದೆ.

“ಖಾಲಿ ಬಂದ್ರೆ ಖಾಲಿ ಅಕ್ಕ. ಅದರಲ್ಲಿ ಬರೀಲಿಕ್ಕೆ ಎಂತ ಉಂಟು?” ಎಂದರು.

“ಯಾಕೆ ಖಾಲಿ ಬರ್ತದೆ, ಅದನ್ನು ಹೇಳಿ ಮಾರಾಯ್ರೆ.”

ಅವರು ತಲೆ ಕೆರೆದುಕೊಂಡು ಕೋಡ್ ತೆರೆದರು. ಇಂಟರ್ನೆಟ್ ಫೋನಿನಲ್ಲಿ ಎರಡು ಬೇರೆ ಬೇರೆ ದಾಖಲೆ ಇರುತ್ತದೆ. ಒಂದು, ಯಾರಿಗೆ ನಮ್ಮಲ್ಲಿ ಖಾತೆ ಉಂಟು ಎಂಬುದು. ಇನ್ನೊಂದು, ಅವರಲ್ಲಿ ಯಾರ ಫೋನ್ ಈ ಕ್ಷಣ ನೆಟ್‌ನಲ್ಲಿ ಉಂಟು ಎಂಬುದು. ಫೋನುಗಳು ಆಗಾಗ ನಮ್ಮ ಸರ್ವರಿಗೆ ‘ನಾನಿಲ್ಲಿದ್ದೇನೆ’ ಎಂದು ಹಾಜರಿ ಹಾಕುತ್ತಿರುತ್ತವೆ. ಹಾಜರಿ ನಿಂತರೆ ಆ ಎರಡನೆಯ ದಾಖಲೆಯಿಂದ ಹೆಸರು ಹೋಗುತ್ತದೆ. ಖಾತೆಗಳ ದಾಖಲೆಯಲ್ಲಿ ಹುಡುಕುವುದು ನಿಧಾನ ಎಂದು ಈ ಮನುಷ್ಯ ಟೂಲನ್ನು ಹಾಜರಿಯಲ್ಲಿ ಮಾತ್ರ ಹುಡುಕುವಂತೆ ಮಾಡಿಟ್ಟಿದ್ದರು. ‘ಆಕ್ಟಿವ್ ಓನ್ಲಿ’ ಎಂಬ ಒಂದು ಆಯ್ಕೆ, ಯಾರೂ ಕೇಳದಿದ್ದರೂ ತಾನಾಗಿ ಆನ್ ಆಗಿರುವಂಥದ್ದು.

ನಾನು ನನ್ನ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿದೆ. ಸ್ವಲ್ಪ ಹೊತ್ತು ಕಾದು ನನ್ನದೇ ನಂಬರ್ ಹುಡುಕಿಸಿದೆ. ಉತ್ತರ ಖಾಲಿ.

“ನೋಡಿ. ನಿಮ್ಮ ಎದುರು ಗುಂಡುಕಲ್ಲಿನ ಹಾಗೆ ಕೂತಿದ್ದೇನೆ. ನಿಮ್ಮ ಟೂಲಿನ ಲೆಕ್ಕದಲ್ಲಿ ನಾನು ಇಲ್ಲ.”

ಅವರು ನಕ್ಕರು. ನಾನೂ ನಕ್ಕೆ. ಸರ್ವರ್ ಉತ್ತರ ಕೊಡದೆ ಕೈಕೊಟ್ಟಾಗಲೂ ಅದೇ ಖಾಲಿ ಬರುತ್ತದೆ ಎಂದು ಆಮೇಲೆ ಗೊತ್ತಾಯಿತು. ಅಂದರೆ ಖಾತೆಯೇ ಇಲ್ಲದಿದ್ದರೂ ಖಾಲಿ, ಫೋನ್ ನೆಟ್‌ನಲ್ಲಿ ಇಲ್ಲದಿದ್ದರೂ ಖಾಲಿ, ಹುಡುಕಲಿಕ್ಕೇ ಆಗದಿದ್ದರೂ ಖಾಲಿ. ಏಜೆಂಟಿಗೆ ಇದನ್ನು ಬಿಡಿಸಿ ಹೇಳಲು ನನಗೆ ಅರ್ಧ ಪುಟ ಬೇಕಾಯಿತು. ಖಾಲಿ ಬಂದಾಗ ಏನನ್ನೂ ತೀರ್ಮಾನಿಸದೆ ಕರೆಯನ್ನು ನಮ್ಮ ಜನರಿಗೆ ದಾಟಿಸು ಎಂದು ಬರೆದೆ.

ಮ್ಯಾನೇಜರ್ ಅದನ್ನು ಓದಲಿಲ್ಲ, ಅಳತೆ ಮಾಡಿದರು.

“ಇಷ್ಟುದ್ದ ಎಂತಕ್ಕೆ ಮಾರಾಯ್ತಿ? ಏಜೆಂಟ್ ಇದನ್ನು ಪ್ರತಿ ಸಲ ಓದ್ಬೇಕು ಗೊತ್ತುಂಟಲ್ಲ? ಅದು ಓದಿ ಮುಗಿಸುವವರೆಗೆ ಕಸ್ಟಮರ್ ಕಿವಿಯಲ್ಲಿ ಎಂತ ಕೇಳ್ತದೆ? ಮೌನ! ಫೋನಿನಲ್ಲಿ ಮೌನ ಇರ್ಲೇಬಾರ್ದು. ಅದೇ ನಮ್ಮ ದಂಧೆಯ ಮೊದಲ ಪಾಠ.”

“ಸರ್, ಕಣ್ಣು ಮಿಟುಕಿಸುವಷ್ಟು ಹೊತ್ತು. ತಪ್ಪು ಹೇಳುವುದಕ್ಕಿಂತ…”

“ಅದು ಬುದ್ಧಿ ಇರುವ ಮಿಷನ್. ನಿನ್ನ ಹಾಗೆ ಎಲ್ಲದಕ್ಕೂ ವಿವರಣೆ ಕೇಳುವುದಿಲ್ಲ.”

ಮಧ್ಯಾಹ್ನ ನಾನು ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ಅರ್ಧ ಪುಟ ಮಾಯವಾಗಿತ್ತು. ಅದರ ಜಾಗದಲ್ಲಿ ಅವರದೊಂದು ಸಾಲು: ‘ಉತ್ತರ ಖಾಲಿ ಬಂದರೆ ಚಂದಾದಾರರು ಇಲ್ಲ ಎಂದು ಶುದ್ಧ ಕನ್ನಡದಲ್ಲಿ, ಗೌರವಪೂರ್ವಕವಾಗಿ ತಿಳಿಸಿ.’ ನಾನು ಇದಕ್ಕೆ ಒಪ್ಪಿಲ್ಲ ಎಂದು ಮೇಲ್ ಹಾಕಿದೆ. ಅವರು ಒಂದು ಹೆಬ್ಬೆಟ್ಟಿನ ಚಿತ್ರ ಕಳುಹಿಸಿ ಟೂಲನ್ನು ಚಾಲೂ ಮಾಡಿಸಿದರು.

ಆ ‘ಶುದ್ಧ ಕನ್ನಡ’ದ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಆಫೀಸಿನಲ್ಲಿ ಮನೆಮಾತು ಕನ್ನಡ ಇರುವವರು ಒಬ್ಬರೂ ಇಲ್ಲ. ಕಾಟಿಪಳ್ಳದ ನಮ್ಮ ಮನೆಯಲ್ಲಿ ತುಳು, ಇಂಜಿನಿಯರದು ಬ್ಯಾರಿ, ಮ್ಯಾನೇಜರದು ಕೊಂಕಣಿ. ಕನ್ನಡ ನಮಗೆ ಬಂದದ್ದು ಶಾಲೆಯಿಂದ ಮತ್ತು ಪೇಪರಿನಿಂದ. ಹಾಗಾಗಿ ಗೌರವದ ಕನ್ನಡ ಎಂದರೆ ನಮಗೆ ಪೇಪರಿನ ಕನ್ನಡ. ಪರೀಕ್ಷೆಯ ಕರೆಗಳಲ್ಲಿ ಏಜೆಂಟ್ ಹಾಗೆಯೇ ಮಾತನಾಡಿತು. ಮ್ಯಾನೇಜರ್ ಸ್ಪೀಕರ್ ಹಾಕಿ, “ಕೇಳಿ, ಎಷ್ಟು ಚಂದ ಮಾತಾಡ್ತದೆ!” ಎಂದು ಆಫೀಸಿಗೆಲ್ಲ ಕೇಳಿಸಿದರು. ಯಾರಿಗೂ ಏನೂ ತಪ್ಪೆನಿಸಲಿಲ್ಲ. ತುಳುವಿನಲ್ಲೂ ಮನೆಗೆ ಬಂದವರಿಗೆ ‘ಆರ್ ಇಜ್ಜೆರ್’ ಎನ್ನುತ್ತೇವೆ, ಅವರು ಇಲ್ಲ ಎಂದು. ಪೇಟೆಗೆ ಹೋಗಿದ್ದಾರೋ, ತೀರಿಯೇ ಹೋಗಿದ್ದಾರೋ ಎಂಬುದು ಹೇಳಿದವರ ಮುಖ ನೋಡಿದರೆ ತಿಳಿಯುತ್ತದೆ. ನಮ್ಮ ಏಜೆಂಟಿಗೆ ಮುಖ ಇರಲಿಲ್ಲ.

ಕೆಲವು ವಾರ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಹತ್ತಿರದ ಆಸ್ಪತ್ರೆಯ ನರ್ಸ್ ಒಬ್ಬರು ಮೆಟ್ಟಿಲು ಹತ್ತಿ ಬಂದರು. ನಲವತ್ತರ ಆಸುಪಾಸಿನವರು. ಸಮವಸ್ತ್ರದ ಮೇಲೆ ದುಪಟ್ಟಾ ಸುತ್ತಿಕೊಂಡಿದ್ದರು, ಕಣ್ಣು ಊದಿಕೊಂಡಿತ್ತು. ಬಾಗಿಲ ಹತ್ತಿರ ಕೂರುವವಳು ನಾನಾದ್ದರಿಂದ ನನ್ನ ಮೇಜಿಗೇ ಬಂದರು.

“ನಿನ್ನೆ ಸಂಜೆ ನನ್ನ ಹತ್ತಿರ ಮಾತಾಡಿದ ಹೆಂಗಸು ಯಾರು? ಅವರನ್ನು ಕರೀರಿ.”

“ಎಂತ ಆಯ್ತು ಸಿಸ್ಟರ್? ಕೂತ್ಕೊಳ್ಳಿ.”

“ನಾನು ಕೂರುವುದಿಲ್ಲ. ನನ್ನ ಗಂಡ ಇಲ್ಲ ಅಂತ ಹೇಳಿದ್ದಾಳೆ ಅವಳು. ಹೇಗೆ ಗೊತ್ತಾಯ್ತು ಅವಳಿಗೆ? ಬಾಡಿ ಎಲ್ಲಿ ಉಂಟು?”

ಕೇಳಿ ತಿಳಿದದ್ದು ಇಷ್ಟು. ಅವರ ಮನೆ ಜೆಪ್ಪುವಿನಲ್ಲಿ. ಗಂಡ ಸರಕಿನ ಹಡಗಿನಲ್ಲಿ ಎಲೆಕ್ಟ್ರಿಷಿಯನ್. ದಿನಾ ನಮ್ಮ ಆಪಿನಲ್ಲಿ ಮನೆಗೆ ಫೋನ್ ಮಾಡುತ್ತಿದ್ದ ಮನುಷ್ಯ ಮೊನ್ನೆಯಿಂದ ಮಾಡಿಲ್ಲ. ಇವರು ಮಾಡಿದರೆ ರಿಂಗ್ ಆಗುತ್ತಿಲ್ಲ. ಹಡಗಿಗೆ ಜನ ಕಳುಹಿಸುವ ಮುಂಬೈಯ ಏಜೆನ್ಸಿಯವರು ವಿಚಾರಿಸಿ ಹೇಳುತ್ತೇವೆ ಎಂದವರು ಮತ್ತೆ ಫೋನ್ ಎತ್ತಿಲ್ಲ. ಕೊನೆಗೆ ನಂಬರಿನಲ್ಲೇ ಏನಾದರೂ ತೊಂದರೆಯೇ ಎಂದು ಆಸ್ಪತ್ರೆಯಿಂದಲೇ ನಮ್ಮ ಸಹಾಯವಾಣಿಗೆ ಫೋನ್ ಮಾಡಿದ್ದಾರೆ.

“ಸಿಸ್ಟರ್, ನಿಮ್ಮ ಹತ್ತಿರ ಮಾತಾಡಿದ್ದು ಹೆಂಗಸಲ್ಲ. ಅದು ಮಿಷನ್.”

ಅವರು ನನ್ನನ್ನೇ ನೋಡಿದರು. “ಮಿಷನ್‌ಗೆ ಹಾಗೆ ಹೇಳ್ಲಿಕ್ಕೆ ಯಾರು ಹೇಳಿಕೊಟ್ಟದ್ದು?”

ನನಗೆ ಆ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಉತ್ತರ ಒಳಗಿನ ಕೋಣೆಯಲ್ಲಿ ಕುಳಿತು ಚಾ ಕುಡಿಯುತ್ತಿತ್ತು.

ಅವರನ್ನು ಕೂರಿಸಿ, ನಾನೂ ಇಂಜಿನಿಯರೂ ಪಕ್ಕದ ಕೋಣೆಯಲ್ಲಿ ಆ ಕರೆಯ ರೆಕಾರ್ಡಿಂಗ್ ಕೇಳಿದೆವು. ಸಿಸ್ಟರ್ ಗಂಡನ ಹೆಸರನ್ನೂ ನಂಬರನ್ನೂ ಹೇಳುತ್ತಾರೆ. ಏಜೆಂಟ್ ಹುಡುಕುತ್ತದೆ. ಆಮೇಲೆ ಆ ನುಣ್ಣಗಿನ ಧ್ವನಿ ಗಂಡನ ಹೆಸರು ಹಿಡಿದು, “ಕ್ಷಮಿಸಿ, ಅವರು ಇಲ್ಲ” ಎನ್ನುತ್ತದೆ.

“ಇಲ್ಲ ಅಂದ್ರೆ ಎಂತ?” ಎಂದು ಸಿಸ್ಟರ್ ಕೇಳುತ್ತಾರೆ.

“ಅವರು ಈಗ ನಮ್ಮೊಂದಿಗಿಲ್ಲ ಎಂದು ತಿಳಿಸಲು ವಿಷಾದಿಸುತ್ತೇವೆ.”

ನಮ್ಮ ಗ್ರಾಹಕರಲ್ಲಿ ಇಲ್ಲ ಎಂಬುದನ್ನು ಅದು ಗೌರವಪೂರ್ವಕವಾಗಿ, ಶುದ್ಧ ಕನ್ನಡದಲ್ಲಿ ತಿಳಿಸಿತ್ತು. ಮ್ಯಾನೇಜರ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಪೇಪರಿನಲ್ಲಿ ಆ ವಾಕ್ಯ ಯಾವ ಪುಟದಲ್ಲಿ, ಯಾವ ಫೋಟೋದ ಕೆಳಗೆ ಬರುತ್ತದೆ ಎಂದು ಮಂಗಳೂರಿನಲ್ಲಿ ಪೇಪರ್ ಹಾಕಿಸುವ ಎಲ್ಲರಿಗೂ ಗೊತ್ತು.

ಆ ಮಾತಾದ ಮೇಲೆ ರೆಕಾರ್ಡಿಂಗಿನಲ್ಲಿ ಏನೂ ಇಲ್ಲ. ಆಸ್ಪತ್ರೆಯ ವರಾಂಡದಲ್ಲಿ ಯಾವುದೋ ಟ್ರಾಲಿ ಹೋಗುವ ಸದ್ದು. ಇಂಜಿನಿಯರ್ ರೆಕಾರ್ಡಿಂಗ್ ನಿಂತಿತೆಂದು ಪರದೆ ನೋಡಿದರು. ನಿಂತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಂದೇ ಶಬ್ದ ಬಂತು, “ದೆವಾ,” ಕೊಂಕಣಿಯಲ್ಲಿ ದೇವರೇ ಎಂದು. ಅದಕ್ಕೆ ಆ ಏಜೆಂಟ್, “ನಿಮಗೆ ಬೇರೆ ಯಾವುದಾದರೂ ಸಹಾಯ ಬೇಕೇ?” ಎಂದು ಕೇಳಿತು.

ಇಂಜಿನಿಯರ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. “ನನ್ನಿಂದ ಆಗುವುದಿಲ್ಲ ಅಕ್ಕ” ಎಂದರು. ಆಕ್ಟಿವ್ ಓನ್ಲಿ ಆಫ್ ಮಾಡಿ, ನಂಬರ್ ಹಾಕಿ ನೇರವಾಗಿ ಖಾತೆಗಳಲ್ಲಿ ಹುಡುಕಿದೆವು. ಮನುಷ್ಯ ಅಲ್ಲೇ ಇದ್ದ. ಖಾತೆ ಸರಿಯಾಗಿತ್ತು. ಹೆಂಡತಿಯ ಹೆಸರು ಎರಡನೆಯ ಸಂಪರ್ಕವಾಗಿ ನಮೂದಾಗಿತ್ತು, ಹಾಗಾಗಿ ಅವರಿಗೆ ಹೇಳಲು ಅಡ್ಡಿ ಇರಲಿಲ್ಲ. ಫೋನ್ ಕೊನೆಯ ಸಲ ಹಾಜರಿ ಹಾಕಿದ್ದು ಮೊನ್ನೆ. ಆಮೇಲೆ ಇಲ್ಲ.

ನಾನು ಹೊರಗೆ ಬಂದು ಹೇಳಿದೆ. “ಸಿಸ್ಟರ್, ಖಾತೆ ಉಂಟು. ಫೋನ್ ಮೊನ್ನೆಯಿಂದ ನೆಟ್‌ಗೆ ಬಂದಿಲ್ಲ. ಮಿಷನ್ ಅದನ್ನೇ ತಪ್ಪಾಗಿ ಹೇಳಿದ್ದು.”

“ಅಂದ್ರೆ ಇದ್ದಾರಾ?”

ಇದ್ದಾರೆ ಎಂದು ಹೇಳಿಬಿಡಲು ಬಾಯಿಯವರೆಗೆ ಬಂತು. ಆದರೆ ನನಗೇನು ಗೊತ್ತು? ಸಮುದ್ರದ ಮಧ್ಯೆ ಒಂದು ಹಡಗು, ಮೊನ್ನೆಯಿಂದ ಸುದ್ದಿ ಇಲ್ಲ.

“ಅವರು ಹೇಗಿದ್ದಾರೆ ಅಂತ ನಮಗೆ ಗೊತ್ತಿಲ್ಲ ಸಿಸ್ಟರ್. ಏನೋ ಆಗಿದೆ ಅಂತಲೂ ನಮಗೆ ಗೊತ್ತಿಲ್ಲ. ನೆಟ್ ಹೋದ್ರೂ ಹೀಗೇ ಕಾಣ್ತದೆ.”

ಅಷ್ಟರಲ್ಲಿ ಮ್ಯಾನೇಜರ್ ಒಳಗಿಂದ ಬಂದರು. ಬಂದವರೇ ನಗುಮುಖ ಮಾಡಿ, “ಅಯ್ಯೋ ಸಿಸ್ಟರ್, ಸಣ್ಣ ಟೆಕ್ನಿಕಲ್ ಎರರ್. ನಿಮ್ಮ ಹಸ್ಬೆಂಡ್ ಆರಾಮಾಗಿ ಇದ್ದಾರೆ, ನೀವು ಟೆನ್ಶನ್ ಮಾಡ್ಬೇಡಿ” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ನನ್ನ ಬಾಯಲ್ಲಿ ತುಳುವೇ ಬರುವುದು. “ಇರೆಗ್ ಎಂಚ ಗೊತ್ತು ಸರ್?” ಎಂದು ಕಿರುಚಿದೆ, ನಿಮಗೆ ಹೇಗೆ ಗೊತ್ತು ಎಂದು. “ನಿನ್ನೆ ನಿಮ್ಮ ಸಾಲು ಅವರನ್ನು ಕೊಂದಿತು. ಇವತ್ತು ನೀವು ಬದುಕಿಸ್ತಾ ಇದ್ದೀರಿ. ಎರಡೂ ನಿಮಗೆ ಗೊತ್ತಿಲ್ಲದೆ ಹೇಳಿದ್ದು!”

ಸಿಸ್ಟರ್ ಮ್ಯಾನೇಜರ್ ಕಡೆ ನೋಡಲೇ ಇಲ್ಲ. ನನಗೆ ಹೇಳಿದರು, “ನೀವು ಗೊತ್ತಿಲ್ಲ ಅಂದದ್ದು ಒಳ್ಳೆಯದಾಯ್ತು. ನಾವು ವಾರ್ಡಿನಲ್ಲಿ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳ್ತೇವೆ.” ನನ್ನ ಮೊಬೈಲ್ ನಂಬರ್ ತೆಗೆದುಕೊಂಡು ಹೊರಟರು. ಮೆಟ್ಟಿಲಲ್ಲಿ ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದರು.

ಅವರು ಕೆಳಗಿನ ಬೀದಿಗೆ ತಲುಪುವ ಮೊದಲೇ ನಾನು ಕಂಪ್ಯೂಟರಿಗೆ ಬಂದು ಆ ಟೂಲನ್ನು ಏಜೆಂಟಿನಿಂದ ಕಿತ್ತು ಹಾಕಿದೆ. ವಿವರಣೆ ಬದಲಿಸುವ ಅಧಿಕಾರ ನನಗಿತ್ತು, ಟೂಲ್ ತೆಗೆಯುವ ಅಧಿಕಾರ ಇರಲಿಲ್ಲ. ಆದರೆ ಎರಡಕ್ಕೂ ಒಂದೇ ಪಾಸ್‌ವರ್ಡ್. ಚಂದಾದಾರರನ್ನು ವಿಚಾರಿಸುವ ಎಲ್ಲ ಕರೆಗಳೂ ಮನುಷ್ಯರಿಗೆ ಬರಲು ಶುರುವಾದವು.

“ಯಾರನ್ನು ಕೇಳಿ ತೆಗೆದದ್ದು?” ಮ್ಯಾನೇಜರ್ ನನ್ನ ಮೇಜಿನ ಮೇಲೆ ಬಗ್ಗಿ ಕೇಳಿದರು.

“ಯಾರನ್ನೂ ಕೇಳ್ಲಿಲ್ಲ.”

“ವಾಪಸ್ ಹಾಕು. ಈಗಲೇ.”

“ಖಾಲಿ ಉತ್ತರ ಹೋಗುವವರೆಗೆ ಹಾಕುವುದಿಲ್ಲ. ಬೇಕಾದ್ರೆ ನನ್ನನ್ನು ತೆಗೀರಿ. ತೆಗೆದ ಮೇಲೆ ಯಾರಾದ್ರೂ ಕೇಳಿದ್ರೆ ನಮ್ಮೊಂದಿಗಿಲ್ಲ ಅಂತ ಶುದ್ಧ ಕನ್ನಡದಲ್ಲಿ ಹೇಳಿ.”

ಇಂಜಿನಿಯರ್ ತಾವಾಗಿಯೇ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತರು. “ಟೂಲ್ ಕಟ್ಟಿದ್ದು ನಾನು ಸರ್. ಸರಿ ಮಾಡುವವರೆಗೆ ನಾನೂ ಹಾಕುವುದಿಲ್ಲ” ಎಂದರು. ಮ್ಯಾನೇಜರ್ ಏನೋ ಗೊಣಗಿ ಒಳಗೆ ಹೋದರು. ಕರೆಗಳು ಜಾಸ್ತಿಯಾದಾಗ ಅವರೂ ಹೆಡ್‌ಸೆಟ್ ಹಾಕಿಕೊಳ್ಳಬೇಕಾಯಿತು. ನನಗೆ ಏನೂ ಬೇಸರವಾಗಲಿಲ್ಲ.

ಇಂಜಿನಿಯರ್ ಟೂಲಿನ ಉತ್ತರವನ್ನು ಮೂರು ಮಾಡಿದರು. ಖಾತೆ ಸಿಗಲಿಲ್ಲ. ಖಾತೆ ಉಂಟು, ಫೋನ್ ನೆಟ್‌ನಲ್ಲಿ ಇಲ್ಲ. ಹುಡುಕಲು ಆಗಲಿಲ್ಲ. ಇನ್ನು ಖಾಲಿ ಎಂಬುದೇ ಬರುವ ಹಾಗಿಲ್ಲ. ಇಷ್ಟಾದರೆ ಮುಗಿಯಿತು ಎಂದುಕೊಂಡಿದ್ದೆ. ವಿವರಣೆಯಲ್ಲಿ ‘ಅವರು ಇಲ್ಲ ಎಂದು ಯಾವತ್ತೂ ಹೇಳಬೇಡ’ ಎಂದು ಬರೆದು, ನನ್ನ ಮೊಬೈಲನ್ನು ಮತ್ತೆ ಏರೋಪ್ಲೇನ್ ಮೋಡಿಗೆ ಹಾಕಿ ಪರೀಕ್ಷೆ ಮಾಡಿದೆ. ಏಜೆಂಟ್ ನನ್ನ ಹೆಸರು ಹೇಳಿ, “ಅವರು ಲಭ್ಯರಿರುವುದಿಲ್ಲ” ಎಂದಿತು. ಆ ಪದವನ್ನೂ ನಿಷೇಧಿಸಿದೆ. “ಅವರು ನಮ್ಮ ಸಂಪರ್ಕದಿಂದ ದೂರವಾಗಿದ್ದಾರೆ” ಎಂದಿತು. ಅದನ್ನೂ ಹೊಡೆದು ಹಾಕಿದೆ. ಮೂರನೆಯ ಸಲ ನನ್ನ ಬಗ್ಗೆ ಅದು ಹೇಳಿದ್ದನ್ನು ಕೇಳಿ ಇಂಜಿನಿಯರ್, “ಅಕ್ಕ, ಇನ್ನು ನಿಮ್ಮ ಫೋಟೋಕ್ಕೆ ಹಾರ ಹಾಕುವುದೊಂದು ಬಾಕಿ” ಎಂದರು.

ಬೇಡ ಎಂದು ಎಷ್ಟು ಬರೆದರೂ ಪ್ರಯೋಜನವಿಲ್ಲ ಎಂದು ಆಗ ಹೊಳೆಯಿತು. ಪೇಪರಿನ ಕನ್ನಡದಲ್ಲಿ ಮನುಷ್ಯರನ್ನು ಇಲ್ಲವಾಗಿಸಲು ಸಾವಿರ ದಾರಿ ಉಂಟು, ಒಂದು ಮುಚ್ಚಿದರೆ ಏಜೆಂಟ್ ಇನ್ನೊಂದು ಹಿಡಿಯುತ್ತದೆ. ತಪ್ಪು ಪದದಲ್ಲಿ ಇರಲಿಲ್ಲ, ಕರ್ತೃಪದದಲ್ಲಿ ಇತ್ತು. ನಮ್ಮ ಟೂಲಿಗೆ ಮನುಷ್ಯರ ಬಗ್ಗೆ ಏನೂ ಗೊತ್ತಿಲ್ಲ. ಗೊತ್ತಿರುವುದು ಒಂದು ಖಾತೆಯ ಬಗ್ಗೆ, ಒಂದು ಫೋನಿನ ಬಗ್ಗೆ. ಹಾಗಾದರೆ ವಾಕ್ಯವೂ ಖಾತೆಯಿಂದ ಅಥವಾ ಫೋನಿನಿಂದ ಶುರುವಾಗಬೇಕು. ಹಳೆಯದನ್ನೆಲ್ಲ ಅಳಿಸಿ ಬರೆದೆ: ‘ಈ ಟೂಲ್ ಖಾತೆಗಳನ್ನೂ ಫೋನುಗಳನ್ನೂ ಹುಡುಕುತ್ತದೆ, ಮನುಷ್ಯರನ್ನಲ್ಲ. ನಿನ್ನ ವಾಕ್ಯ ಖಾತೆ ಅಥವಾ ಫೋನ್ ಎಂಬ ಪದದಿಂದ ಶುರುವಾಗಲಿ. ವ್ಯಕ್ತಿ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಕೇಳಿದರೆ ನಮಗೆ ಗೊತ್ತಿಲ್ಲ ಎಂದು ಹೇಳಿ ಕರೆಯನ್ನು ನಮ್ಮ ಸಿಬ್ಬಂದಿಗೆ ಕೊಡು.’ ಅದರ ಕೆಳಗೆ ಹೇಳಬೇಕಾದ ವಾಕ್ಯಗಳನ್ನು ಉದಾಹರಣೆಯಾಗಿ ಕೊಟ್ಟೆ. ಈ ಸಲ ಏಜೆಂಟ್, “ಖಾತೆ ಉಂಟು, ಫೋನ್ ಈಗ ನೆಟ್‌ನಲ್ಲಿ ಇಲ್ಲ” ಎಂದಿತು. ನಾನು ಬದುಕಿಕೊಂಡೆ.

ಮಾರನೆಯ ದಿನ ಹೆಡ್‌ಸೆಟ್ ಹಾಕಿಕೊಂಡು ಕರೆ ಎತ್ತುತ್ತಿದ್ದಾಗ ನನ್ನ ಮೊಬೈಲಿಗೆ ಸಿಸ್ಟರ್ ಫೋನ್ ಬಂತು.

“ಫೋನ್ ಮಾಡಿದ್ರು. ಶಿಪ್ಪಿನ ಆಂಟೆನಾ ಹಾಳಾಗಿತ್ತಂತೆ. ಇವರೇ ಮೇಲೆ ಹತ್ತಿ ರಿಪೇರಿ ಮಾಡಿದ್ದಂತೆ.”

“ಸಿಸ್ಟರ್, ನಂಗೆ ಎಷ್ಟು ಸಂತೋಷ…”

“ಸಂತೋಷ ಅಂತ ಹೇಳ್ಬೇಡಿ ನೀವು.” ಅವರ ಧ್ವನಿಯಲ್ಲಿ ಸಿಟ್ಟಿತ್ತು. “ಒಂದು ರಾತ್ರಿ ನನ್ನನ್ನು ವಿಧವೆ ಮಾಡಿದ್ರಿ. ನೆರೆಕರೆಯವರೆಲ್ಲ ಬಂದು ಮನೆಯಲ್ಲಿ ಜಪಮಾಲೆ ಹಿಡಿದು ತೇರ್ಸ್ ಪ್ರಾರ್ಥನೆ ಹೇಳಿದ್ರು. ನನ್ನ ಮಗಳು ಯಾರೂ ಹೇಳದೆ ಅಪ್ಪನ ಫೋಟೋ ಗೋಡೆಯಿಂದ ತೆಗೆದು ಗ್ಲಾಸ್ ಒರೆಸಿದಳು. ಮೇಣದಬತ್ತಿ ಎಲ್ಲಿ ಇಡುವುದು ಅಂತ ನನ್ನ ಹತ್ತಿರ ಕೇಳಿದಳು. ಅವರ ಫೋನ್ ಬಂತು ಅಂತ ಇದೆಲ್ಲ ಆಗಲಿಲ್ಲ ಅಂತ ಆಗ್ತದಾ?”

ಇಲ್ಲ ಎಂದೆ.

“ಆ ರೆಕಾರ್ಡಿಂಗ್ ಅಳಿಸ್ಬೇಡಿ. ಆ ಮಾತನ್ನು ಬರೆದವರು ಯಾರೋ ಇದ್ದಾರಲ್ಲ, ಅವರಿಗೆ ಕೇಳಿಸಿ. ಪೂರ್ತಿ ಕೇಳಿಸಿ.” ಫೋನ್ ಇಟ್ಟರು.

ಟೂಲ್ ಹೊಸ ವಿವರಣೆಯೊಂದಿಗೆ ವಾಪಸ್ ಹೋಯಿತು. ಆಮೇಲೊಂದು ಮಧ್ಯಾಹ್ನ ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕುಳಿತರು. ಪರದೆಯಲ್ಲಿ ನನ್ನ ಹೊಸ ವಿವರಣೆ ತೆರೆದಿತ್ತು, ಮತ್ತೆ ಅರ್ಧ ಪುಟ.

“ಆದದ್ದು ಆಯ್ತು. ಈಗ ಟೂಲ್ ಸರಿ ಉಂಟಲ್ಲ? ಇದನ್ನೊಂದು ಚೂರು ಗಿಡ್ಡ ಮಾಡು ಮಾರಾಯ್ತಿ. ಏಜೆಂಟ್ ಓದುವಾಗ ಕಸ್ಟಮರಿಗೆ ಮೌನ ಕೇಳ್ತದೆ.”

“ಸರ್, ಆ ಸಿಸ್ಟರ್ ಕರೆ ನೀವು ಕೇಳಿದ್ದೀರಾ?”

“ಬರಹದಲ್ಲಿ ಓದಿದ್ದೇನೆ. ಪೂರ್ತಿ ಓದಿದ್ದೇನೆ.”

ಕರೆಗಳನ್ನೆಲ್ಲ ಕಂಪ್ಯೂಟರ್ ಅಕ್ಷರಕ್ಕಿಳಿಸಿ ಇಡುತ್ತದೆ. ಆ ಬರಹದಲ್ಲಿ ‘ವಿಷಾದಿಸುತ್ತೇವೆ’ ಎಂಬ ಸಾಲಿನ ಕೆಳಗೇ ‘ದೆವಾ’ ಎಂದು ಇರುತ್ತದೆ, ಒಂದಕ್ಕೊಂದು ತಾಗಿಕೊಂಡು. ನಡುವೆ ಏನೂ ಕಾಣುವುದಿಲ್ಲ.

ನಾನು ಹೆಡ್‌ಫೋನ್ ಅವರ ಕೈಗೆ ಕೊಟ್ಟು ರೆಕಾರ್ಡಿಂಗ್ ಹಾಕಿದೆ. ಅವರು ಕೇಳಿದರು. ಏಜೆಂಟಿನ ಮಾತು ಬಂದಾಗ ಹುಬ್ಬು ಗಂಟಿಕ್ಕಿದರು. ಆಮೇಲೆ ಕಾದರು. ನನ್ನ ಮುಖ ನೋಡಿದರು, ಪರದೆ ನೋಡಿದರು, ಕುರ್ಚಿಯಲ್ಲಿ ಅಲುಗಾಡಿದರು. ಕೊನೆಗೆ ಮುಗಿಯಿತೆಂದುಕೊಂಡು ಹೆಡ್‌ಫೋನ್ ತೆಗೆಯಲು ಕೈ ಎತ್ತಿದರು.

“ತೆಗೀಬೇಡಿ ಸರ್,” ಎಂದೆ. “ಅವರು ಇನ್ನೂ ಲೈನಿನಲ್ಲಿ ಇದ್ದಾರೆ.”